ಸಿದ್ದಕ್ಕ ಮತ್ತು ಬಾಯಿ ಬಿಡದ ಭೋಂಗಾ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ. ಅದು ಅಷ್ಟು ದೂರ ಬರುವವರೆಗೂ ಕಾಯುವುದಿಲ್ಲ ಎಂಬುದು ಅಂಗಡಿಯ ಗಿರಾಕಿಗಳಿಗೆ ಗೊತ್ತು. ಫ್ಯೂಜಿನಲ್ಲಿ ಕೈಗೆ ಸಿಕ್ಕ ದಪ್ಪ ತಂತಿ ಸುತ್ತಿ, ಆಮೇಲೆ ಬಂದು ‘ಮೋಟರ್ ಯಾಕ ಸುಟ್ಟಿತ್ರಿ’ ಎಂದು ಕೇಳುವವರನ್ನು ನಾನು ಇವತ್ತಿಗೂ ನೆಟ್ಟಗೆ ಮಾತಾಡಿಸಿ ಕಳಿಸಿಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿ ಇಪ್ಪತ್ತು ವರ್ಷದಿಂದ ಕರೆಂಟ್ ಸಾಮಾನಿನ ಅಂಗಡಿ ಇಟ್ಟುಕೊಂಡಿರುವ ತಮ್ಮಣ್ಣ ನಾನು. ಯಾರ ಮುಂದೆಯೂ ತಲೆ ತಗ್ಗಿಸುವ ಜಾಯಮಾನ ನನ್ನದಲ್ಲ. ಆದರೆ ಖಾನಾಪುರದ ಸಿದ್ದಕ್ಕ ಅಂಗಡಿಯ ಮೆಟ್ಟಿಲು ಹತ್ತಿದರೆ ಕೂತಲ್ಲಿಂದ ಎದ್ದು ನಿಲ್ಲುತ್ತೇನೆ. ನೋಡಿದವರು ಸಂಬಂಧಿಕರೇನೋ ಅಂದುಕೊಳ್ಳುತ್ತಾರೆ. ಸಂಬಂಧವೂ ಇಲ್ಲ, ಏನೂ ಇಲ್ಲ. ಸುಟ್ಟ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತುವ ಹೆಣ್ಣುಮಗಳು ಅವಳು, ಅಷ್ಟೇ.

ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ಅಕ್ಕಿ ಗಿರಣಿಯ ಹಿಂದೆ ಒಂದು ತಗಡಿನ ಶೆಡ್ಡು ಇದೆ. ಗಂಡ ಈರಣ್ಣ ಇದ್ದಾಗ ಅಲ್ಲಿ ಅವನು ತಂತಿ ಸುತ್ತುತ್ತಿದ್ದ, ಇವಳು ಪಕ್ಕದಲ್ಲಿ ಕೂತು ಸುತ್ತು ಎಣಿಸುತ್ತಿದ್ದಳು. ಎಪ್ಪತ್ತೆರಡನೆಯ ಇಸವಿಯಲ್ಲಿ ಕಾಮಾಲೆಯಾಗಿ ಈರಣ್ಣ ಹೋದ. ಸಾಮಾನು ಮಾರಿಬಿಡು ಎಂದು ಹೇಳಲು ಬಂದ ಭಾವ ಮೈದುನರು, ತಿಂಗಳು ಕಳೆಯುವುದರೊಳಗೆ ಅವಳೇ ಸುತ್ತುವ ಯಂತ್ರದ ಹಿಡಿಕೆ ಹಿಡಿದು ಕೂತದ್ದನ್ನು ನೋಡಿ, ಚಹಾ ಕುಡಿದು ಎದ್ದುಹೋದರಂತೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ ಕೂತರೆ ಮಧ್ಯಾಹ್ನದವರೆಗೆ ಏಳುವ ಮಾತಿಲ್ಲ. ಸುತ್ತು ಎಣಿಸಲು ಅವಳ ಬಳಿ ಹುಣಸೆ ಬೀಜಗಳ ಒಂದು ಬಟ್ಟಲು. ಐವತ್ತು ಸುತ್ತಿಗೆ ಒಂದು ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ ಹೋಗುತ್ತದೆ. ನಡುವೆ ಕಾಯಿಪಲ್ಲೆಯವಳ ಜೊತೆ ಜಗಳವಾಡುತ್ತಾಳೆ, ಎದುರು ಮನೆಯ ಸೊಸೆಗೆ ಬುದ್ಧಿ ಹೇಳುತ್ತಾಳೆ, ಎಣಿಕೆ ತಪ್ಪುವುದಿಲ್ಲ. ನಾನು ನಂಬಲಿಲ್ಲ. ಒಮ್ಮೆ ಅವಳು ಸುತ್ತಿದ ಒಂದು ಚಿಕ್ಕ ಸುರುಳಿಯನ್ನು ಬೆಳಗಾವಿಗೆ ತಂದು, ಅಂಗಡಿಯ ಬಾಗಿಲು ಹಾಕಿಕೊಂಡು, ಬಿಚ್ಚಿ ಎಣಿಸಿದೆ. ಏಳುನೂರಾ ಐವತ್ತು ಹೇಳಿದ್ದಳು. ಏಳುನೂರಾ ಐವತ್ತೇ ಇತ್ತು. ಬಿಚ್ಚಿದ ತಂತಿ ಹಾಳಾದ ಸಿಟ್ಟು ಬೇರೆ.

ಅವಳನ್ನು ಮೊದಲು ನೋಡಿದ್ದು ಎಪ್ಪತ್ತಾರರಲ್ಲಿ. ಖಾನಾಪುರದ ಹಂಚಿನ ಕಾರಖಾನೆಯೊಂದರ ಭೋಂಗಾ ಮೂರು ದಿನದಿಂದ ಸುಮ್ಮನಾಗಿತ್ತು. ಸೈರನ್ನಿಗೆ ನಮ್ಮ ಕಡೆ ಭೋಂಗಾ ಎನ್ನುತ್ತಾರೆ. ಅದು ಕೂಗಿದರೆ ಮಾತ್ರ ಆ ಊರಲ್ಲಿ ಅನ್ನಕ್ಕೆ ಎಸರು ಇಡುವುದು, ಸಾಲಿಯ ಹುಡುಗರು ಓಡುವುದು. ಕಾರಖಾನೆಯವರು ಬೆಳಗಾವಿಯಿಂದ ನನ್ನನ್ನು ಕರೆಸಿದರು. ನಾನು ಮೀಟರು, ಇಕ್ಕಳದಂಥ ಪಕ್ಕಡು, ಎಲ್ಲ ಹೊತ್ತುಕೊಂಡು ಹೋಗಿ ಅರ್ಧ ದಿನ ಕೂತೆ. ಕಡೆಗೆ, ಒಳಗಿನ ತಂತಿ ಸುಟ್ಟಿದೆ, ಹೊಸ ಮೋಟರೇ ತರಬೇಕು ಎಂದು ಘೋಷಿಸಿದೆ.

ಅಷ್ಟರಲ್ಲಿ ಯಾರೋ ಸಿದ್ದಕ್ಕನನ್ನು ಕರೆತಂದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಭೋಂಗಾದ ಬಾಯಿಗೆ ಮೂಗು ಹಚ್ಚಿ ವಾಸನೆ ನೋಡಿದಳು.

“ಸುಟ್ಟಿಲ್ಲರಿ ಇದು. ಸುಟ್ಟಿದ್ರ ವಾಸನಿ ಬಿಡ್ತಿತ್ತು.”

“ಏ ಯವ್ವಾ, ಮೂಗಿನಿಂದ ಮೋಟರ್ ನೋಡೂ ವಿದ್ಯೆ ನನಗ ಯಾರೂ ಕಲಿಸಿಲ್ಲ,” ಎಂದೆ ನಾನು. ನಾಲ್ಕು ಜನ ನಕ್ಕರು.

ಅವಳು ನಗಲೂ ಇಲ್ಲ, ಮುಖ ಗಂಟು ಹಾಕಲೂ ಇಲ್ಲ. ಬೆರಳು ಒಳಗೆ ಹಾಕಿ ರೆಕ್ಕೆ ತಿರುವಿ ನೋಡಿದಳು, ತಿರುಗಲಿಲ್ಲ. ತಲೆಯ ಹೇರ್‌ಪಿನ್ನು ತೆಗೆದು ಕೆದಕಿ ಒಂದು ಹಿಡಿ ಕೆಂಪು ಮಣ್ಣು ಹೊರಗೆಳೆದಳು. ಕುಂಬಾರ ಹುಳ ಒಳಗೆ ಗೂಡು ಕಟ್ಟಿತ್ತು. “ನಮ್ಮೂರ ಮಣ್ಣ ಎಲ್ಲಾರಿಗೂ ಬೇಕ್ರಿ, ಹುಳಕ್ಕೂ ಬೇಕ,” ಎಂದಳು. ಗುಂಡಿ ಒತ್ತಿದ ಕೂಡಲೇ ಭೋಂಗಾ ಊರು ಹಾರಿಹೋಗುವಂತೆ ಕೂಗಿತು. ನಾನು ಪಕ್ಕಡನ್ನು ಚೀಲಕ್ಕೆ ತುರುಕಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಊರಿಗೆ ಬಂದೆ.

ಅಂದಿನಿಂದ ಸುಟ್ಟ ಮೋಟರುಗಳನ್ನೆಲ್ಲ ಅವಳಿಗೇ ಕಳಿಸತೊಡಗಿದೆ. ಅವಳು ಸುತ್ತಿದ್ದು ಮತ್ತೆ ಸುಡುತ್ತಿರಲಿಲ್ಲ. ಆದರೆ ಎದುರಿಗೆ ‘ಶಹಬ್ಬಾಸ್’ ಎಂದವನಲ್ಲ. ‘ನೀ’ ಎಂದೇ ಮಾತಾಡಿಸುತ್ತಿದ್ದೆ. ಗಿರಾಕಿಗಳು ಕೇಳಿದರೆ, ಖಾನಾಪುರದಲ್ಲಿ ನಮ್ಮ ಕೈಕೆಳಗಿನವರು ಮಾಡುತ್ತಾರೆ ಎನ್ನುತ್ತಿದ್ದೆ. ಎಂಥ ಕೊಬ್ಬು ನೋಡಿ!

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಎಂಬತ್ತಮೂರನೆಯ ಇಸವಿಯಲ್ಲಿ ನಮ್ಮ ಓಣಿಯ ಪದ್ಮಾಕರ ಸಾವುಕಾರರು ಮನೆಗೆ ಕಳ್ಳಗಂಟೆ ಹಾಕಿಸಿದರು. ಅವರದು ಹಿತ್ತಾಳೆ, ಬೆಳ್ಳಿ ಪಾತ್ರೆಗಳ ವ್ಯಾಪಾರ, ಜೈನರ ಮನೆ. ಮುಂಬಯಿಯಿಂದ ಬಂದ ಆ ಯಂತ್ರವನ್ನು ಕೂಡಿಸುವ ಕೆಲಸ ನನಗೆ ಬಂತು. ಅದರ ರೀತಿ ಸರಳ. ಉಗ್ರಾಣದಲ್ಲಿ ಒಂದು ಬ್ಯಾಟರಿ. ತಲಬಾಗಿಲ ಒಳಗೆ ಒಂದು ಪೆಟ್ಟಿಗೆ, ಅದಕ್ಕೊಂದು ಚಾವಿ. ಚಾವಿಯನ್ನು ಬಲಕ್ಕೆ ತಿರುವಿ, ಹೊರಗೆ ಬಂದು ಬಾಗಿಲು ಹಾಕಿಕೊಂಡರೆ ಆಯಿತು, ಆಮೇಲೆ ಯಾವ ಬಾಗಿಲು ತೆರೆದರೂ ಹೊರಗೆ ಮಾಳಿಗೆಯ ಕೆಳಗೆ ಕೂಡಿಸಿದ ಭೋಂಗಾ ಕೂಗಿಕೊಳ್ಳುತ್ತದೆ. ಚಾವಿ ಎಡಕ್ಕೆ ತಿರುವುವವರೆಗೆ ನಿಲ್ಲುವುದಿಲ್ಲ. ಬ್ಯಾಟರಿಯಿಂದ ಭೋಂಗಾದವರೆಗಿನ ವೈರನ್ನು ಕಳ್ಳನ ಕಣ್ಣಿಗೆ ಬೀಳಬಾರದೆಂದು ತಲಬಾಗಿಲ ಮೇಲಿನ ಗೋಡೆ ಕೊರೆದು, ಒಳಗೆ ಹುಗಿದು, ಗಾರೆ ಮೆತ್ತಿದ್ದೆ. ಒಂದು ಗೆರೆ ಕಾಣದಂತೆ ಮೆತ್ತಿದ್ದೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಸಾವುಕಾರರ ತಾಯಿ ಹೀರಾಬಾಯಿಯವರು ಅದಕ್ಕೆ ‘ದೆವ್ವ’ ಎಂದು ಹೆಸರಿಟ್ಟರು. ಚಾವಿಯನ್ನು ಕೈಯಲ್ಲಿ ಮುಟ್ಟಲಿಲ್ಲ. ಮನೆಗೆಲಸದ ಕಾಶವ್ವನ ಕೈಗೆ ಕೊಟ್ಟರು. ಕಾಶವ್ವ ಖಾನಾಪುರದವಳು, ಹದಿನಾಲ್ಕು ವರ್ಷದಿಂದ ಆ ಮನೆಯ ಹಿತ್ತಲ ಕೋಣೆಯಲ್ಲಿದ್ದಳು. ತಾನು ಬಾಯಾರ ಎಂದು ಕರೆಯುವ ಹೀರಾಬಾಯಿಯವರು ಜೈನರ ನೇಮದಂತೆ ಹೊತ್ತು ಮುಳುಗುವ ಮುಂಚೆ ಉಣ್ಣಬೇಕೆಂದು ಮಧ್ಯಾಹ್ನ ಮಲಗದೆ ಒಲೆ ಹಚ್ಚುವವಳು. ಚಾವಿ ತಿರುವುವುದನ್ನು ನಾನೇ ಕಲಿಸಿದೆ. ಒಂದೇ ಸಲಕ್ಕೆ ಕಲಿತಳು. ಚಾವಿಯನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡು, ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಆ ವರ್ಷದ ಖಂಡೇನವಮಿ ಬಂತು. ಆಯುಧ, ಯಂತ್ರ ಎಲ್ಲಕ್ಕೂ ಪೂಜೆಯ ದಿನ. ನಾನು ಕೂಡಿಸಿದ ಯಂತ್ರಗಳಿಗೆ ನಾನೇ ಹೋಗಿ ಪೂಜೆ ಮಾಡುವುದು ನನ್ನ ಪದ್ಧತಿ. ಅಂದು ಹನ್ನೊಂದು ಮನೆ ಸುತ್ತಬೇಕಿತ್ತು. ಸಾವುಕಾರರ ಮನೆಗೆ ಹೋಗಿ ಮೊದಲು ಭೋಂಗಾ ಕೂಗಿಸಿ ನೋಡಿದೆ, ಓಣಿಯ ಮಂದಿ ಹೊರಗೆ ಬಂದು ನಿಂತರು, ನನಗೂ ಹಿಗ್ಗಾಯಿತು. ಆಮೇಲೆ ಕುಂಕುಮ ಹಚ್ಚಿ, ಕಾಯಿ ಒಡೆದು, ಚೆಂಡು ಹೂವಿನ ಹಾರ ಹಾಕಿ, ಮುಂದಿನ ಮನೆಗೆ ನಡೆದೆ. ಪೂಜೆಯಾದ ಯಂತ್ರವನ್ನು ಅಂದು ಮತ್ತೆ ಚಾಲೂ ಮಾಡಬಾರದು. ಅದಕ್ಕೂ ವಿಶ್ರಾಂತಿಯ ದಿನ. ಇದನ್ನು ನಮ್ಮ ಕಡೆ ಸಣ್ಣ ಮಕ್ಕಳೂ ಬಲ್ಲರು.

ಜನವರಿಯಲ್ಲಿ ಸಾವುಕಾರರ ಮನೆಯವರೆಲ್ಲ ಒಂದು ಮದುವೆಗೆ ನಿಪ್ಪಾಣಿಗೆ ಹೋದರು. ಕಾಶವ್ವ ಚಾವಿ ತಿರುವಿ, ಬೀಗ ಹಾಕಿ, ಅದೇ ಬೆಳಿಗ್ಗೆ ಊರಿಗೆ ಹೋದಳು. ಮಧ್ಯಾಹ್ನ ಯಾರೋ ಅಡುಗೆಮನೆಯ ಬಾಗಿಲು ಮೀಟಿ ಒಳಗೆ ಬಂದು ದೇವರ ಬೆಳ್ಳಿ ಸಾಮಾನನ್ನೆಲ್ಲ ಹೊತ್ತುಕೊಂಡು ಹೋದರು. ಅದು ಇವತ್ತಿಗೂ ಸಿಕ್ಕಿಲ್ಲ. ಭೋಂಗಾ ಕೂಗಲಿಲ್ಲ. ಪೆಟ್ಟಿಗೆಯ ಚಾವಿ ಯಾವ ಕಡೆ ತಿರುಗಿತ್ತೆಂದು ಆ ಗಲಾಟೆಯಲ್ಲಿ ಯಾರೂ ನೋಡಿಕೊಳ್ಳಲಿಲ್ಲ.

ನನಗೆ ಕರೆ ಬಂತು. ಹೋಗುವಾಗಲೇ ತಲೆ ಕಾದಿತ್ತು, ನಾನು ಮಾಡಿದ ಕೆಲಸ ಕೈಕೊಟ್ಟಿತು ಎಂದು ಓಣಿಯೆಲ್ಲ ಮಾತಾಡುತ್ತಿತ್ತು. ಬ್ಯಾಟರಿ ನೋಡಿದೆ, ತುಂಬಿತ್ತು. ಏಣಿ ಹತ್ತಿ ಭೋಂಗಾದ ವೈರು ಬಿಚ್ಚಿ, ಕೆಳಗೆ ಚಾವಿ ತಿರುವಿಸಿ, ವೈರಿನ ತುದಿಗೆ ಮೀಟರು ಹಿಡಿದೆ, ಹನ್ನೆರಡು ವೋಲ್ಟು ಕಣ್ಣಿಗೆ ಹೊಡೆಯುವಂತೆ ತೋರಿಸಿತು. ಭೋಂಗಾವನ್ನು ಕೆಳಗಿಳಿಸಿ ಉಗ್ರಾಣಕ್ಕೆ ಒಯ್ದು ಬ್ಯಾಟರಿಗೇ ಹಚ್ಚಿದೆ. ಕಿವಿ ಹರಿಯುವಂತೆ ಕೂಗಿತು. ಹೀರಾಬಾಯಿಯವರು ಎರಡೂ ಕಿವಿ ಮುಚ್ಚಿಕೊಂಡು, “ಕಳ್ಳ ಹೋದ ಮ್ಯಾಲೆ ಒದರತೈತಿ, ಸುಡಲಿ! ಅದನ್ನ ಮತ್ತ ಮ್ಯಾಲೆ ಏರಿಸಬ್ಯಾಡೋ ತಮ್ಮಣ್ಣಾ, ಒಯ್ಯಿ,” ಎಂದರು. ಬ್ಯಾಟರಿ ಸರಿ, ವೈರು ಸರಿ, ಭೋಂಗಾ ಸರಿ. ಬಿಡಿಬಿಡಿಯಾಗಿ ಎಲ್ಲ ಸರಿ ಇದ್ದ ಮೇಲೆ ಕೂಡಿಸಿದರೂ ಸರಿಯೇ ಇರಬೇಕು. ಇದು ನನ್ನ ಲೆಕ್ಕ.

“ಯಂತ್ರದಾಗ ಏನೂ ತಪ್ಪಿಲ್ಲ ಸಾವ್ಕಾರ್ರ,” ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗಿತ್ತು. ನಿಲ್ಲಿಸಲಿಲ್ಲ. “ಚಾವಿ ತಿರುವೇ ಇಲ್ಲ. ಇಲ್ಲಾ ತಿರುವಿ, ಮತ್ತ ಬಂದ್ ಮಾಡ್ಯಾರ. ಒಳಗಿನವರ ಕೈ ಇಲ್ಲದ ಈ ಭೋಂಗಾ ಸುಮ್ನ ಇರೂದಿಲ್ಲ.”

ಚಾವಿ ಇದ್ದದ್ದು ಒಬ್ಬಳ ಕೈಯಲ್ಲಿ. ಕಳವಿನ ಸುದ್ದಿ ಕೇಳಿ ಊರಿನಿಂದ ಮರಳಿದ್ದ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪೊಲೀಸರ ಮುಂದೆ ಅವಳ ಹೆಸರು ಹೇಳುವಷ್ಟು ಕಠಿಣರಲ್ಲ ಸಾವುಕಾರರು. “ಕಾಶವ್ವಾ, ನಾಳಿಂದ ಬರಬ್ಯಾಡ,” ಎಂದಷ್ಟೇ ಹೇಳಿದರು. ಕಾಶವ್ವ ಸೊಂಟದ ಚೀಲದಿಂದ ಚಾವಿ ತೆಗೆದು ಕಟ್ಟೆಯ ಮೇಲೆ ಇಟ್ಟಳು. ಬಾಯಾರರ ಮುಖ ನೋಡಿದಳು. ಅವರು ಆ ಕಡೆ ತಿರುಗಿದರು. ನಾನು ಭೋಂಗಾ ಎತ್ತಿಕೊಂಡು ಅಂಗಡಿಗೆ ಬಂದೆ. ನನ್ನ ಹೆಸರು ಉಳಿಯಿತಲ್ಲ, ಹಾಯ್ ಎನಿಸಿತು. ನಾಚಿಕೆಗೇಡಿನ ಮಾತು, ಆದರೂ ಹೇಳುತ್ತೇನೆ: ಅಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ಅಂಗಡಿ ತೆರೆದು ಊದಿನಕಡ್ಡಿ ಹಚ್ಚುತ್ತಿದ್ದೆ, ಸಿದ್ದಕ್ಕ ಬಂದು ನಿಂತಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಮೋಟರು ತಂದಿಲ್ಲ. ಅವಳ ಹಿಂದೆ ರಸ್ತೆಯ ಆಚೆ ಬದಿಯಲ್ಲಿ, ಸೆರಗು ಹೊದ್ದು, ಗಿಡದ ಕೆಳಗೆ ಯಾರೋ ಕೂತಿದ್ದರು. ಕಾಶವ್ವ. ಹತ್ತು ದಿನದಲ್ಲಿ ಮುಖ ಬತ್ತಿಹೋಗಿತ್ತು.

“ಕಾಶವ್ವ ನಮ್ಮ ಬಾಜು ಮನಿಯಾಕಿ,” ಎಂದಳು ಸಿದ್ದಕ್ಕ. “ನೀರಿನ ನಳದ ಹತ್ರ ಬಂದ್ರ ಹೆಣ್ಮಕ್ಕಳು ಕೊಡಾ ಎತ್ಕೊಂಡ ಆ ಕಡೆ ಸರೀತಾರ. ಕೂಳು ಬಿಟ್ಟಾಳ. ಮೊನ್ನಿ ಕೇಳಿದ್ಲು, ‘ಸಿದ್ದಕ್ಕಾ, ನೀ ಭೋಂಗಾ ರಿಪೇರಿ ಮಾಡ್ತಿ, ಅದಕ್ಕ ಒಂದ ಮಾತ ಕೇಳು, ಯಾಕ ಒದರಲಿಲ್ಲ ಅಂತ.’ ಅದಕ್ಕ ಬಂದೀನಿ.”

“ಕೇಳೂದ ಏನೈತಿ? ನಾ ಮೀಟರ್ ಹಚ್ಚಿ ನೋಡೀನಿ. ಎಲ್ಲಾ ಸರಿ ಐತಿ.”

“ಗ್ವಾಡಿ ಮ್ಯಾಲೆ ಕುಂಡರಿಸಿ, ಅಲ್ಲೇ ಒದರಿಸಿ ನೋಡಿರೇನು?”

ಹಾಗೆ ನೋಡಿರಲಿಲ್ಲ. ಊದಿನಕಡ್ಡಿ ಬೆರಳು ಸುಟ್ಟಿತು.

ಸುಮ್ಮನೆ ಜಗಳವಾಡಿ ಕಳಿಸಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ರಸ್ತೆಯ ಆಚೆಯ ಆ ಮುಖ ಕಂಡಿತು. ಭೋಂಗಾವನ್ನು ಬಗಲಲ್ಲಿ ಹಿಡಿದು ಸಾವುಕಾರರ ಮನೆಗೆ ನಡೆದೆ. ಕಾಶವ್ವ ಗೇಟಿನವರೆಗೆ ಬಂದಳು, ಒಳಗೆ ಕಾಲಿಡಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತಳು.

ಪಕ್ಕದ ಮನೆಯಲ್ಲಿ ನಿವೃತ್ತ ಮಾಸ್ತರ ಪಾರೀಸರು ತಮ್ಮ ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ಸಿದ್ದಕ್ಕ ಮೊದಲು ಅಲ್ಲಿಗೇ ಹೋದಳು.

“ಮಾಸ್ತರ್ರ, ಕಳುವಾದ ದಿನಾ ಮಧ್ಯಾಹ್ನ ಮನಿಯಾಗ ಇದ್ರೇನ್ರಿ? ಏನರ ಸಪ್ಪಳ ಕೇಳಿಸ್ತ?”

“ಏನಿಲ್ಲವ್ವಾ. ಭೋಂಗಾ ಒದರಿದ್ರ ನಾ ಓಡಿ ಬರ್ತಿದ್ದಿಲ್ಲೇನು? ಒಂದ ಹುಳ ಗುಂಯ್ ಗುಂಯ್ ಅನ್ನಾಕತ್ತಿತ್ತು. ಎದ್ದು ಖಿಡಕಿ ಮುಚ್ಚಿ ಮತ್ತ ಮಲಕೊಂಡ್ಯಾ.”

“ಎಷ್ಟೊತ್ತ ಅಂತರಿ ಅದು?”

“ನಾ ಏಳೂತನಾ ಅನ್ನಾಕತ್ತಿತ್ತು.”

ಸಿದ್ದಕ್ಕ ನನ್ನ ಕಡೆ ತಿರುಗಿದಳು. ನನಗೆ ತಿಳಿಯಿತು. ಚಾವಿ ತಿರುವದಿದ್ದರೆ ಗುಂಯ್ ಎನ್ನುವುದಾದರೂ ಹೇಗೆ? ಅದು ಹುಳವಲ್ಲ. ಭೋಂಗಾ ಕೂಗಲು ಒದ್ದಾಡುತ್ತಿತ್ತು, ಕೊರಳು ಬರಲಿಲ್ಲ. ಹತ್ತು ದಿನ ಈ ಮಾತು ಪಕ್ಕದ ಮನೆಯಲ್ಲೇ ಇತ್ತು, ಕೇಳುವ ಬುದ್ಧಿ ನನಗೆ ಬಂದಿರಲಿಲ್ಲ.

ಸಾವುಕಾರರು ಮನೆಯಲ್ಲಿದ್ದರು. ನಾನು ವಿಷಯ ಹೇಳಿದೆ. “ನೋಡ್ಲಿ ಬಿಡ್ರಿ,” ಎಂದರು, ಹೆಚ್ಚು ನಂಬಿಕೆಯಿಲ್ಲದ ದನಿಯಲ್ಲಿ. ಹೀರಾಬಾಯಿಯವರು ಜಪಸರ ಹಿಡಿದು ಪಡಸಾಲೆಯ ಕಂಬಕ್ಕೆ ಒರಗಿ ಕೂತರು.

ಸಿದ್ದಕ್ಕ ಚೀಲದಿಂದ ಒಂದು ಬಲ್ಬು ತೆಗೆದಳು. ಅಂಬಾಸಿಡರ್ ಕಾರಿನ ಮುಂದಿನ ದೀಪದ್ದು, ಅದಕ್ಕೆ ಎರಡು ತಂತಿ ಬೆಸೆದಿದ್ದಳು. ಕಚ್ಚೆ ಬಿಗಿದು ಏಣಿ ಹತ್ತಿದಳು. ಕೆಳಗೆ ಏಣಿ ಹಿಡಿದವನು ನಾನು. ಚಾವಿ ತಿರುವಿ, ಅಡುಗೆಮನೆಯ ಬಾಗಿಲು ತೆರೆಸಿದೆವು. ಅವಳ ಕೇಳಿಕೆಯ ಮೇಲೆ ನನ್ನ ಮೀಟರನ್ನೇ ಮೇಲೆ ಕೊಟ್ಟೆ. ವೈರಿನ ತುದಿಗೆ ಹಿಡಿದಳು. ಹನ್ನೆರಡು.

“ನೋಡಿದೇನು? ಹೇಳಿದ್ದಿಲ್ಲೇನು ನಾ?” ಎಂದುಬಿಟ್ಟೆ. ಚಾಳಿ, ಎಲ್ಲಿ ಹೋಗುತ್ತದೆ!

“ಮೀಟರಿಗೆ ಹಸಿವು ಇಲ್ಲರಿ ತಮ್ಮಣ್ಣಾರ. ಎಷ್ಟ ಐತಿ ಅಂತ ಬರೇ ಇಣಿಕಿ ನೋಡ್ತೈತಿ. ಭೋಂಗಾಕ್ಕ ಹಸಿವು ಭಾಳ. ಹಸದಾವರಿಗೆ ನೀಡಿ ನೋಡೂಣು, ಗಡಿಗ್ಯಾಗ ಎಷ್ಟ ಐತಿ ಗೊತ್ತಾಗ್ತೈತಿ,” ಎಂದು ಮೀಟರು ಬಿಚ್ಚಿ ಅದೇ ತುದಿಗೆ ಬಲ್ಬು ಹಚ್ಚಿದಳು.

ಆ ಬಲ್ಬು ಹತ್ತಿದರೆ ಕಣ್ಣು ಕುಕ್ಕಬೇಕು. ಒಳಗಿನ ಎಳೆ ಬೀಡಿಯ ತುದಿಯ ಹಾಗೆ ಕೆಂಪಗಾಗಿ ಅಷ್ಟಕ್ಕೇ ನಿಂತಿತು. ಅಬ್ಬಾ! ನಾನು ಏಣಿ ಹಿಡಿದುಕೊಂಡೇ ಬಾಯಿ ತೆರೆದು ನೋಡುತ್ತಾ ನಿಂತೆ. ಹನ್ನೆರಡು ವೋಲ್ಟು ಅಲ್ಲಿ ಇತ್ತು, ಇರಲಿಲ್ಲ. ಕೇಳದಿದ್ದರೆ ಇತ್ತು, ಕೇಳಿದರೆ ಇರಲಿಲ್ಲ. ಡಿಪ್ಲೊಮಾ ಓದಿದ ನಾನು ಪುಸ್ತಕದಲ್ಲಿ ಇದನ್ನು ಓದಿ, ಬರೆದು, ಪಾಸಾಗಿದ್ದೆ. ಕೈಯಲ್ಲಿ ಮಾಡಿ ನೋಡುವುದು ಹೊಳೆದಿರಲಿಲ್ಲ.

“ದಾರ್ಯಾಗ ಎಲ್ಲೋ ಯಾವುದೋ ನುಂಗಾಕತ್ತೈತಿ,” ಎಂದು ಕೆಳಗಿಳಿದಳು. “ಬಲ್ಬ್ ಹಂಗ ಇರಲಿ. ನುಂಗೂದು ಬಿಸಿ ಆಗ್ತೈತಿ. ಹುಡಿಕ್ಯಾಡೂಣು.”

“ಗ್ವಾಡಿ ಒಳಗ ಹುಗದೀನಿ ವೈರು. ಬಿಸಿ ಹೆಂಗ ಗೊತ್ತಾಗಬೇಕ?”

ಅವಳು ಬ್ಯಾಟರಿಯಿಂದ ಶುರು ಮಾಡಿದಳು. ಹನ್ನೆರಡು ವರ್ಷ ತಂತಿ ಎಳೆದೆಳೆದು ಅವಳ ಅಂಗೈ, ಬೆರಳು ಕಲ್ಲಾಗಿದ್ದವು, ಅವುಗಳಿಂದ ಬಿಸಿ ಗೊತ್ತಾಗುವುದಿಲ್ಲ ಎಂದಳು. ಬಳೆ ಮೇಲೆ ಸರಿಸಿ, ಮಣಿಕಟ್ಟಿನ ಒಳಮೈಯನ್ನು ಗೋಡೆಗೆ ಹಚ್ಚುತ್ತಾ ಹೋದಳು, ಕೂಸಿಗೆ ಹಾಲು ಕುಡಿಸುವ ಮೊದಲು ತಾಯಿ ಬಿಸಿ ನೋಡುವಂತೆ. ಗೇಣಿಗೊಂದು ಸಲ ನಿಲ್ಲುವುದು, ಕಣ್ಣು ಮುಚ್ಚುವುದು, ಮುಂದೆ ಸರಿಯುವುದು. ಉಗ್ರಾಣ ಮುಗಿಯಿತು. ಪಡಸಾಲೆಯ ಗೋಡೆ ಮುಗಿಯಿತು. ಹೀರಾಬಾಯಿಯವರ ಜಪಸರ ನಿಂತಿತ್ತು. ಬೆಳಿಗ್ಗೆ ಲಿಂಗ ಹಿಡಿದು ಕೂತಾಗ ಇವಳ ಮುಖ ಹೀಗೇ ಇರುತ್ತದೇನೋ ಎಂದು ನನಗೆ ಅನಿಸಿತು. ಎಷ್ಟೋ ಯಂತ್ರ ಬಿಚ್ಚಿದ್ದೇನೆ, ಕೂಡಿಸಿದ್ದೇನೆ, ಒಂದು ಗೋಡೆಯ ಮುಂದೆ ಹೀಗೆ ಯಾರೂ ನಿಂತದ್ದನ್ನು ನಾನು ನೋಡಿರಲಿಲ್ಲ.

ತಲಬಾಗಿಲ ಹೊರಗೆ, ಮತ್ತೆ ಏಣಿ ಹತ್ತಿ, ಬಾಗಿಲ ಮೇಲಿನ ಗೋಡೆಯಲ್ಲಿ ಕೈ ಸರಿಸುತ್ತಿದ್ದವಳು ನಿಂತಳು.

“ಇಲ್ಲೈತಿ,” ಎಂದಳು ಮೆಲ್ಲಗೆ. “ಮೊಳಿ ಬಿಸಿ ಆಗೇತಿ.”

ಬಾಗಿಲ ನೆತ್ತಿಯ ಮೇಲೆ ಸುಣ್ಣದ ಗೋಡೆಯಲ್ಲಿ ಒಂದು ಮೊಳೆ. ತುಕ್ಕು ಹಿಡಿದಿತ್ತು. ಗೋಡೆಯಲ್ಲಿ ಹುಗಿದ ವೈರಿನ ಒಂದು ಎಳೆಯನ್ನು ಅದು ಕಡಿದು ಒಳಗೆ ಹೋಗಿತ್ತು. ಕಡಿದ ಎರಡು ತುದಿಗಳ ನಡುವೆ ಅದೇ ಸೇತುವೆಯಾಗಿ ನಿಂತಿತ್ತು. ಮೀಟರಿಗೆ ಸಾಕಾಗುವಷ್ಟು ಕರೆಂಟು ದಾಟುತ್ತಿತ್ತು, ಭೋಂಗಾಕ್ಕೆ ಸಾಕಾಗುವಷ್ಟು ದಾಟುತ್ತಿರಲಿಲ್ಲ.

“ಈ ಮೊಳಿ ಯಾರ ಹೊಡದದ್ರಿ?” ಎಂದು ಕೇಳಿದಳು.

“ನಾವಲ್ಲವ್ವಾ,” ಎಂದರು ಹೀರಾಬಾಯಿ. “ನಮ್ಮ ತೋರಣಾ ಬಾಗಿಲ ಚೌಕಟ್ಟಿಗೆ ಕಟ್ಟತೇವಿ. ಗ್ವಾಡಿಗೆ ನಾವು ಮೊಳಿ ಹೊಡೆಯೂದಿಲ್ಲ.”

ಮೊಳೆಗೆ ಏನೋ ಸುತ್ತಿಕೊಂಡಿತ್ತು. ಒಣಗಿ ಕಪ್ಪಾದ ಎರಡು ಚೆಂಡು ಹೂವು. ಅವನ್ನು ಮೊಳೆಗೆ ಕಟ್ಟಿದ್ದು ದಾರದಿಂದಲ್ಲ. ಹಳದಿ ವೈರಿನ ತುಂಡಿನಿಂದ. ನನ್ನ ಅಂಗಡಿಯ ಹಳದಿ ವೈರು. ಅಂಥದ್ದನ್ನು ಆ ಓಣಿಯಲ್ಲಿ ಬೇರೆ ಯಾರೂ ಮಾರುವುದಿಲ್ಲ.

ಖಂಡೇನವಮಿ! ಹಾರ ಗೇಟಿನಿಂದಲೇ ಕಾಣಬೇಕು, ನೋಡಿದವರು ತಮ್ಮಣ್ಣನ ಕೆಲಸ ಎನ್ನಬೇಕು ಎಂದು ಭೋಂಗಾದ ಕೆಳಗೆ ಮೊಳೆ ಹೊಡೆದವನು ನಾನು. ಹಬ್ಬಕ್ಕೆ ಹೊಸದಾಗಿ ಸುಣ್ಣ ಹೊಡೆಸಿದ್ದರು, ನಾನು ಮೆತ್ತಿದ ಗಾರೆಯ ಗುರುತು ಕಾಣಲಿಲ್ಲ, ಅವಸರ, ಅಂದಾಜಿನ ಮೇಲೆ ಎರಡು ಪೆಟ್ಟು. ಭೋಂಗಾ ಕೂಗಿಸಿ ನೋಡಿದ್ದು ಪೂಜೆಯ ಮೊದಲು, ಮೊಳೆ ಹೊಡೆದದ್ದು ಆಮೇಲೆ. ಪೂಜೆಯಾದ ಮೇಲೆ ಮುಟ್ಟಬಾರದಲ್ಲ! ಭಕ್ತಿಯಿಂದ ಕೈಮುಗಿದು, ನನ್ನ ಭೋಂಗಾದ ಕೊರಳು ನಾನೇ ಹಿಸುಕಿ, ಕಾಯಿಯ ಹೋಳು ತಿನ್ನುತ್ತಾ ಹೋಗಿದ್ದೆ.

ಸಿದ್ದಕ್ಕ ಹಳದಿ ವೈರನ್ನು ನೋಡಿದ್ದಳು. ಆ ವೈರಿನಲ್ಲೇ ಕಟ್ಟಿ ನಾನು ಅವಳಿಗೆ ಮೋಟರು ಕಳಿಸುತ್ತಿದ್ದೆ, ಎಂಟು ವರ್ಷದಿಂದ. ಅವಳು ಏಣಿಯ ಮೇಲಿಂದ ನನ್ನನ್ನೊಮ್ಮೆ ನೋಡಿದಳು. ಪಕ್ಕಡಿನಿಂದ ಮೊಳೆ ಕಿತ್ತು, ಕೆಳಗೆ ಬಗ್ಗಿ, ನನ್ನ ಅಂಗೈಯಲ್ಲಿ ಇಟ್ಟಳು. ಇನ್ನೂ ಬೆಚ್ಚಗಿತ್ತು. ವೈರಿಗಾಗಿ ಗೋಡೆ ಕೆದಕುವುದರಲ್ಲಿ ಅವಳು ಮುಳುಗಿದಳು. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಣ್ಣದವರು ಹೊಡೆದಿರಬೇಕು ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಅವಳೂ ಏನೂ ಅನ್ನುತ್ತಿರಲಿಲ್ಲ, ಅದು ನನಗೆ ಖಂಡಿತ ಗೊತ್ತು. ಮಾಡಿದವನೇ ಹೇಳಲಿ ಎಂದು ಅವಳು ನನಗೆ ಜಾಗ ಬಿಟ್ಟುಕೊಟ್ಟಿದ್ದಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದು ನನಗೆ ರೂಢಿ. ಮೊಳೆ ಹಿಡಿದು ಸಾವುಕಾರರ ಕಡೆ ತಿರುಗಿದೆ.

“ಸಾವ್ಕಾರ್ರ, ಈ ಮೊಳಿ ನಂದು,” ಎಂದೆ. “ಖಂಡೇನವಮಿ ದಿನಾ ಹಾರ ಹಾಕಾಕ ನಾನ ಹೊಡದೀನಿ. ಕಾಶವ್ವ ಚಾವಿ ತಿರುವಿದ್ದು ಖರೇ. ಭೋಂಗಾ ಒದರದಂಗ ಮಾಡಿದಾವ ನಾನು. ಸುಳ್ಳ ಅಪವಾದ ಹೊರಿಸಿದಾವನೂ ನಾನ.”

ಸಾವುಕಾರರು ಕುರ್ಚಿಯಿಂದ ಎದ್ದವರು ಮತ್ತೆ ಕೂತರು. ಹೀರಾಬಾಯಿಯವರು ಕಂಬ ಹಿಡಿದು ಎದ್ದರು. ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು, ಗೇಟಿನವರೆಗೆ ನಡೆದರು. ಅವರ ಹಿಂದೆ ನಾನು.

“ಕಾಶೀ, ಒಳಗ ಬಾರವ್ವಾ,” ಎಂದರು.

ಕಾಶವ್ವ ಏಳಲಿಲ್ಲ. ನಾನು ಅವಳ ಮುಂದೆ ನಿಂತು, ಅಂಗೈಯಲ್ಲಿದ್ದ ಮೊಳೆ ತೋರಿಸಿ, ಹೇಳಿದ್ದನ್ನೇ ಮತ್ತೆ ಹೇಳಿದೆ. ಪೂರಾ ಕೇಳಿದಳು. ಮೊಳೆಯನ್ನು ನೋಡಿದಳು. ನನ್ನ ಮುಖ ನೋಡಲಿಲ್ಲ.

ಅಷ್ಟರಲ್ಲಿ ಸಿದ್ದಕ್ಕ ಕಡಿದ ವೈರು ಬೆಸೆದು, ಭೋಂಗಾವನ್ನು ಅದರ ಜಾಗದಲ್ಲಿ ಕೂಡಿಸಿ, ಕೈ ಒರೆಸಿಕೊಳ್ಳುತ್ತಾ ಬಂದಳು. “ಕೂಡಿಸಿದ ಮ್ಯಾಲೆ ಒದರಿಸಿ ನೋಡಬೇಕರಿ,” ಎಂದಳು ನನ್ನ ಕಡೆ ತಿರುಗಿ. “ಚಾವಿ ಕಾಶವ್ವನ ಕೈಯಾಗ ಕೊಡ್ರಿ.”

ಕಟ್ಟೆಯ ಮೇಲೆ ಇಟ್ಟುಹೋಗಿದ್ದ ಚಾವಿಯನ್ನು, ಮೊಳೆ ಸಿಕ್ಕ ಮೇಲೆ ಪೆಟ್ಟಿಗೆ ಬಂದ್ ಮಾಡಿಸಿ, ಹೀರಾಬಾಯಿಯವರು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದರು. ದೆವ್ವದ ಚಾವಿ ಎಂದು ಮುಟ್ಟದಿದ್ದವರು. ಬಿಚ್ಚಿ ಕೊಟ್ಟರು. ಈಗ ಕಾಶವ್ವ ಎದ್ದಳು. ಗೇಟು ದಾಟಿ, ತಲಬಾಗಿಲ ಒಳಗೆ ಹೋಗಿ, ಪೆಟ್ಟಿಗೆಯ ಚಾವಿಯನ್ನು ಬಲಕ್ಕೆ ತಿರುವಿದಳು. ಸಿದ್ದಕ್ಕ ಹೋಗಿ ಅಡುಗೆಮನೆಯ ಬಾಗಿಲು ತೆರೆದಳು.

ಎಂಥ ಕೂಗು ಅದು! ಪಾರೀಸ ಮಾಸ್ತರರು ಪೇಪರು ಬಿಟ್ಟು ಓಡಿಬಂದರು. ಎದುರು ಸಾಲಿನ ಬಾಗಿಲುಗಳೆಲ್ಲ ತೆರೆದವು. ಹಿಟ್ಟಿನ ಗಿರಣಿಯವರು, ಹಾಲಿನವರು, ಸೈಕಲ್ಲಿನ ಮೇಲೆ ಹೋಗುತ್ತಿದ್ದವರು, ಎಲ್ಲರೂ ಗೇಟಿನ ಮುಂದೆ ಸೇರಿದರು. ನಾನು ಅಭ್ಯಾಸಬಲದಿಂದ ಚಾವಿಗೆ ಕೈ ಚಾಚಿದೆ.

“ಮುಟ್ಟಬ್ಯಾಡ್ರಿ,” ಎಂದಳು ಕಾಶವ್ವ. “ಒದರಲಿ. ಎಲ್ಲಾರೂ ಕೇಳಲಿ.”

ಯಾರೂ ಮುಟ್ಟಲಿಲ್ಲ. ಹೀರಾಬಾಯಿಯವರು ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ. ಕಾಶವ್ವ ಪೆಟ್ಟಿಗೆಯ ಪಕ್ಕದಲ್ಲಿ ಗೋಡೆಗೆ ಆನಿಕೊಂಡು ನಿಂತಳು, ಕಣ್ಣಲ್ಲಿ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಗೇಟಿಗೆ ಹೋಗಿ, ಸೇರಿದವರಿಗೆಲ್ಲ ಒಬ್ಬೊಬ್ಬರ ಕಿವಿಯ ಹತ್ತಿರ ಬಾಯಿ ಇಟ್ಟು ನನ್ನ ಮೊಳೆಯ ಕತೆ ಕಿರುಚಿ ಹೇಳಿದೆ. ಭೋಂಗಾದ ಸದ್ದಿನಲ್ಲಿ ಕಿರುಚದೆ ಬೇರೆ ದಾರಿ ಇರಲಿಲ್ಲ. ಸಿದ್ದಕ್ಕ ಜಗುಲಿಯ ಮೂಲೆಯಲ್ಲಿ ಕೂತು, ಕಾರಿನ ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಇಡುತ್ತಿದ್ದಳು.

“ಸಿದ್ದಕ್ಕಾರ, ನೀವು ನೀರರ ಕುಡೀರಿ,” ಎಂದೆ ಅವಳ ಹತ್ತಿರ ಹೋಗಿ. ನನ್ನ ಬಾಯಿಂದ ‘ನೀವು’ ಬಂದದ್ದು ಅದೇ ಮೊದಲು. ಅವಳಿಗೆ ಕೇಳಿಸಿತೋ ಇಲ್ಲವೋ.

ಬಹಳ ಹೊತ್ತಾದ ಮೇಲೆ ಕಾಶವ್ವ ಕೈ ಎತ್ತಿ ಚಾವಿಯನ್ನು ಎಡಕ್ಕೆ ತಿರುವಿದಳು. ಓಣಿ ಒಮ್ಮೆಲೇ ಸ್ತಬ್ಧವಾಯಿತು. ಚಾವಿಯನ್ನು ಪೆಟ್ಟಿಗೆಯಿಂದ ತೆಗೆದು, ಸೆರಗಿನಿಂದ ಒರೆಸಿ, ಹೀರಾಬಾಯಿಯವರ ಕೈಯಲ್ಲಿ ಇಟ್ಟು ಅವರ ಬೆರಳುಗಳನ್ನು ತಾನೇ ಮುಚ್ಚಿದಳು.

“ಈಗ ಬಂದ್ ಮಾಡೀನ್ರಿ ಬಾಯಾರ,” ಎಂದಳು. “ಅವತ್ತ ಮಾಡಿದ್ದಿಲ್ಲ.”

ಹಾಗೆಂದು ಮೆಟ್ಟಿಲಿಳಿದು, ಸಿದ್ದಕ್ಕನ ಜೊತೆ ಖಾನಾಪುರದ ಬಸ್ಸಿಗೆ ಹೋದಳು.